ಮಡಿಲ ಮಗುವಿನ ವಯಸ್ಸಿಗೆ ಯಾವ ಕಾಗದ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಚಿಂತಾಮಣಿ ತಾಲ್ಲೂಕಿನಲ್ಲಿ, ಕೈವಾರದ ಕಡೆಯ ಒಂದು ಹಳ್ಳಿಯಲ್ಲಿ 31 ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ಹೋದ ವರ್ಷ ನಿವೃತ್ತಳಾದವಳು. ಊರಿನ ಮಕ್ಕಳು ಹುಟ್ಟಿದ ದಿನವನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು, ತಿಂಗಳು ತಿಂಗಳು ತೂಕ ಹಾಕಿ ಪಟ್ಟಿಯಲ್ಲಿ ಚುಕ್ಕಿ ಇಡುವುದು, ಚುಚ್ಚುಮದ್ದಿನ ದಿನ ತಾಯಂದಿರನ್ನು ಮನೆಯಿಂದ ಹೊರಡಿಸುವುದು, ಇದೇ ನನ್ನ ಕೆಲಸವಾಗಿತ್ತು. ಅಂಥ ನಾನು ಕಳೆದ ತಿಂಗಳು ವಿಮಾನ ಕಂಪನಿಯೊಂದರ ಕೌಂಟರಿನ ಮುಂದೆ, ಕಂಕುಳಲ್ಲಿದ್ದ ನನ್ನ ಸ್ವಂತ ಮೊಮ್ಮಗನಿಗೆ ಎಷ್ಟು ತಿಂಗಳು ಎಂದು ತೋರಿಸಿಕೊಡಲಾಗದೆ ನಿಂತೆ. ಆ ಕಂಪನಿಯ ಹೆಸರು ಬೇಡ, ಆ ಊರಿನ ಹೆಸರೂ ಬೇಡ. ಒಬ್ಬರನ್ನು ದೂರುವುದಕ್ಕೆ ಬರೆಯುತ್ತಿಲ್ಲ. ನಮ್ಮ ಜಿಲ್ಲೆಯಿಂದ ಈಗ ಮೊದಲ ಸಲ ವಿಮಾನ ಹತ್ತುವ ಅಜ್ಜ-ಅಜ್ಜಿಯರು ಬಹಳ ಮಂದಿ ಇದ್ದಾರೆ, ಅವರಿಗೆ ತಿಳಿಯಲಿ ಅಂತ ಬರೆಯುತ್ತಿದ್ದೇನೆ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಅಂದಿನಿಂದ ನಮ್ಮ ಟೊಮೆಟೊ ತೋಟದ ಮೇಲೆ ವಿಮಾನ ಹಾಯದ ದಿನವಿಲ್ಲ. ಅಂಗನವಾಡಿಯ ಮಕ್ಕಳು ಸದ್ದು ಕೇಳಿದ ಕೂಡಲೇ ಉಪ್ಪಿಟ್ಟಿನ ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತಿದ್ದವು. ನಿಲ್ದಾಣ ನಮಗೆ ಬಹಳ ದೂರವೇನಲ್ಲ. ಆದರೂ ನಮ್ಮ ಮನೆಯಲ್ಲಿ ಮಗಳು ಮದುವೆಯಾಗಿ ಹೊರರಾಜ್ಯಕ್ಕೆ ಹೋಗುವವರೆಗೆ ಯಾರೂ ಅದರ ಒಳಗೆ ಕಾಲಿಟ್ಟಿರಲಿಲ್ಲ.

ಹೋಗುವಾಗ ಮಗಳು ಜೊತೆಯಲ್ಲಿದ್ದಳು. ಬಾಗಿಲಲ್ಲಿ ಬಂದೂಕು ಹಿಡಿದಿದ್ದ ಜವಾನರು ನಮ್ಮ ಮೂವರ ಆಧಾರ್ ನೋಡಿದರು, ಮಗುವಿನ ಕೆನ್ನೆ ನೋಡಿ ನಕ್ಕು ಬಿಟ್ಟರು. ಅದರ ಕಾಗದ ಕೇಳಲಿಲ್ಲ. ಒಳಗೆ ಕೌಂಟರಿನಲ್ಲಿ ಮಗಳು ಮೊಬೈಲಿನಲ್ಲಿ ಏನೋ ತೋರಿಸಿದಳು. ಏನು ಎಂದು ನಾನು ಕೇಳಲಿಲ್ಲ. ಆಗ ನನ್ನ ಗಮನವೆಲ್ಲ ಹಪ್ಪಳದ ಡಬ್ಬಿ ಒಡೆಯದಂತೆ ಲಗೇಜು ಇಡುತ್ತಾರೋ ಇಲ್ಲವೋ ಎಂಬುದರ ಮೇಲಿತ್ತು. ಕೇಳಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಮಗಳು ಕೆಲಸ ಬದಲಿಸಿದ್ದಳು. ಮಗುವನ್ನು ನೋಡಿಕೊಳ್ಳಲು ಒಳ್ಳೆಯ ಜಾಗ ಸಿಗುವವರೆಗೆ ಎರಡು ಮೂರು ತಿಂಗಳು ನಾವೇ ಇಟ್ಟುಕೊಳ್ಳುತ್ತೇವೆ ಎಂದೆವು. ಹಾಗಾಗಿ ಬರುವಾಗ ನಾನು, ನಮ್ಮ ಯಜಮಾನರು ಮತ್ತು 22 ತಿಂಗಳ ಮೊಮ್ಮಗ, ಮೂವರೇ. ಟಿಕೆಟ್ಟನ್ನು ಹೊರಡುವ ಮುಂಚೆಯೇ ಚಿಂತಾಮಣಿಯ ಬಸ್ ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಅಂಗಡಿಯಲ್ಲಿ ಮಾಡಿಸಿದ್ದೆವು. 'ಮಗೀಗೇನು ಬೇಕಪ್ಪ?' ಎಂದು ಯಜಮಾನರು ಕೇಳಿಯೂ ಇದ್ದರು. 'ಏನೂ ಬೇಡ ತಾತ, ನಿಮ್ಮ ಆಧಾರ್ ಇದ್ರೆ ಸಾಕು' ಎಂದಿದ್ದ ಆ ಹುಡುಗ. ಅವನು ಸುಳ್ಳು ಹೇಳಿರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಅವನು ಹೇಳಿದ್ದು ಬಾಗಿಲಿನ ಮಾತು.

ಆ ಊರಿನಲ್ಲೂ ಬಾಗಿಲು ಸಲೀಸಾಗಿ ದಾಟಿದೆವು. ಕೌಂಟರಿನಲ್ಲಿದ್ದ ಹುಡುಗ ಟಿಕೆಟ್ ನೋಡಿ, ಮಗುವನ್ನು ನೋಡಿ, 'ಏಜ್ ಪ್ರೂಫ್' ಎಂದ. ನಾನು ನನ್ನ ಆಧಾರ್ ಕೊಟ್ಟೆ. ವಯಸ್ಸಾದವರಿಗೆ ಏನೋ ರಿಯಾಯಿತಿ ಇರಬೇಕು, ಅದಕ್ಕೇ ಕೇಳುತ್ತಿದ್ದಾನೆ ಎಂದುಕೊಂಡೆ. ಅವನು ಅದನ್ನು ಹಾಗೇ ಹಿಂದಕ್ಕೆ ಸರಿಸಿ ಮೊಮ್ಮಗನ ಕಡೆ ಬೆರಳು ತೋರಿಸಿದ.

ವಿಷಯ ಹೀಗೆ. ಎರಡು ವರ್ಷ ತುಂಬದ ಮಗುವಿಗೆ ವಿಮಾನದಲ್ಲಿ ಸೀಟು ಇಲ್ಲ, ದೊಡ್ಡವರ ಮಡಿಲಲ್ಲೇ ಕೂರಬೇಕು. ನಮ್ಮ ಬೆಲ್ಟಿಗೆ ಸಿಕ್ಕಿಸುವ ಒಂದು ಪುಟ್ಟ ಬೆಲ್ಟು ಕೊಡುತ್ತಾರೆ. ದುಡ್ಡೂ ಕಡಿಮೆ, ನಮಗೆ ಎರಡು ಸಾವಿರದೊಳಗೆ ಆಗಿತ್ತು. ಎರಡು ತುಂಬಿದ ದಿನದಿಂದ ಅದಕ್ಕೆ ಬೇರೆ ಸೀಟು, ಬೇರೆ ಟಿಕೆಟ್. ಆದ್ದರಿಂದ ಮಡಿಲ ಮಗು ಎಂದು ಟಿಕೆಟ್ ಮಾಡಿಸಿದರೆ ಅದಕ್ಕೆ ನಿಜವಾಗಿ ಎರಡು ತುಂಬಿಲ್ಲ ಎಂದು ತೋರಿಸಬೇಕು. ನಮ್ಮ ಹುಡುಗ ಗುಂಡುಗುಂಡಾಗಿದ್ದಾನೆ, 13 ಕೆ.ಜಿ. ಇದ್ದಾನೆ. 'ಮೂರು ವರ್ಷದವನ ಹಾಗಿದ್ದಾನಲ್ಲ' ಎಂದು ಕೌಂಟರಿನವನು ಹಿಂದಿಯಲ್ಲಿ ಅಂದ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ತೂಕ ಕಡಿಮೆ ಇರುವ ಮಕ್ಕಳ ಹೆಸರು ಕೆಂಪು ಇಂಕಿನಲ್ಲಿ ಬರೆದು ಬರೆದು ಸವೆದ ಕೈ ಇದು.

ಮೊಬೈಲಿನಲ್ಲಿ ಜನನ ಪ್ರಮಾಣಪತ್ರದ ಫೋಟೊ ಇತ್ತು. ತೋರಿಸಿದೆ. ಹುಟ್ಟಿದ ದಿನ ಸರಿಯಾಗಿತ್ತು, ತಾಯಿ ತಂದೆಯ ಹೆಸರೂ ಇದ್ದವು. ಮಗುವಿನ ಹೆಸರು ಇರಬೇಕಾದ ಜಾಗ ಖಾಲಿ. ಟಿಕೆಟ್ಟಿನಲ್ಲಿ ಮಾತ್ರ ಮೊಮ್ಮಗನ ಪೂರ್ತಿ ಹೆಸರು, ಅಳಿಯಂದಿರ ಮನೆತನದ ಹೆಸರೂ ಸೇರಿ, ಉದ್ದಕ್ಕೆ ಇತ್ತು. 'ಈ ಕಾಗದ ಇದೇ ಮಗುವಿನದು ಅಂತ ನನಗೆ ಹೇಗೆ ಗೊತ್ತಾಗಬೇಕು? ಮಗುವಿನ ತಾಯಿಯೂ ಇಲ್ಲಿಲ್ಲ' ಎಂದ. ಅವನು ಕೇಳಿದ್ದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಬೇರೆ ಕಾಗದ ಇಲ್ಲದಿದ್ದರೆ ಪೂರ್ತಿ ಟಿಕೆಟ್ ಕೊಳ್ಳಿ ಎಂದ. ಆರು ಸಾವಿರ ಚಿಲ್ಲರೆ. ಕೌಂಟರ್ ಮುಚ್ಚಲು ಇಪ್ಪತ್ತು ನಿಮಿಷವಿತ್ತು.

ನಮ್ಮ ಯಜಮಾನರಿಗೆ ಸಿಟ್ಟು ಬಂತು. 'ಘಾಟಿ ಜಾತ್ರೇಲಿ ಹಲ್ಲು ನೋಡಿ ಹೋರಿ ವಯಸ್ಸು ಹೇಳ್ತೀವಿ. ಇವನ ಬಾಯಿ ತೆಗೆದು ತೋರಿಸ್ಲಾ ಕೇಳು' ಎಂದು ನನ್ನ ಮೇಲೆ ರೇಗಿದರು. ಪುಣ್ಯಕ್ಕೆ ಕನ್ನಡದಲ್ಲಿ ರೇಗಿದರು. ನನಗೂ ಮಗುವಿನ ಎಡತೋಳಿನ ಬಿಸಿಜಿ ಚುಚ್ಚುಮದ್ದಿನ ಕಲೆ ತೋರಿಸೋಣ ಅನ್ನಿಸಿದ್ದುಂಟು. ಆದರೆ ಕಲೆಯ ಮೇಲೆ ತಾರೀಕು ಇರುವುದಿಲ್ಲವಲ್ಲ.

ಮಗಳು ಆಫೀಸಿನಲ್ಲಿ ಫೋನ್ ಎತ್ತಲಿಲ್ಲ. ಅಳಿಯಂದಿರು ಮನೆಯಲ್ಲಿದ್ದರು, ಎತ್ತಿದರು. ಬೀರುವಿನಲ್ಲಿ, ಮಗುವಿನ ಸ್ವೆಟರುಗಳ ಕೆಳಗೆ ತಾಯಿ ಕಾರ್ಡ್ (ತಾಯಿ-ಮಗುವಿನ ಚುಚ್ಚುಮದ್ದು, ತೂಕ ಬರೆದಿಡುವ ಪುಸ್ತಕ) ಇದೆ, ಅದರ ಎಲ್ಲ ಪುಟಗಳ ಫೋಟೊ ಕಳಿಸಿ ಎಂದೆ. ಮೊದಲು ಬಂದ ಫೋಟೊ ಮಸುಕು. ಎರಡನೆಯದರಲ್ಲಿ ಹೆಬ್ಬೆರಳು. ಮೂರನೆಯದು ಬರುವ ಹೊತ್ತಿಗೆ ಆ ಹುಡುಗ ತನ್ನ ಮೇಲಿನ ಹೆಣ್ಣುಮಗಳೊಬ್ಬರನ್ನು ಕರೆದಿದ್ದ. ಆಕೆ ಮೊಬೈಲನ್ನು ಹಿಗ್ಗಿಸಿ ನೋಡಿದರು. ಮಗುವಿನ ಹೆಸರು, ಹುಟ್ಟಿದ ದಿನ, ಆಸ್ಪತ್ರೆಯ ಮೊಹರು, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿನ ಚುಚ್ಚುಮದ್ದು, ಒಂಬತ್ತು ತಿಂಗಳ ಎಂ.ಆರ್. (ದಡಾರ-ರುಬೆಲ್ಲಾ), 16 ತಿಂಗಳು ತುಂಬಿದ ಮೇಲೆ ಹಾಕುವ ಎಂ.ಆರ್. ಎರಡನೇ ಡೋಸು ಮತ್ತು ಡಿಪಿಟಿ ಬೂಸ್ಟರು, ಒಂದೊಂದಕ್ಕೂ ತಾರೀಕು ಇದ್ದವು. ಬೆಳವಣಿಗೆ ಪಟ್ಟಿಯ ಮೊದಲ ಐದು ಚುಕ್ಕಿ ಇಟ್ಟದ್ದು ನಾನೇ, ಬಾಣಂತನಕ್ಕೆ ಮಗಳು ನಮ್ಮಲ್ಲಿದ್ದಾಗ. ಆಕೆ ಪಟ್ಟಿಯ ಮೇಲೆ ಬೆರಳು ಇಟ್ಟು, 'ಇದು ಆಗುತ್ತೆ' ಎಂದು ಹುಡುಗನಿಗೆ ಹೇಳಿ ಹೋದರು. ಅದು ನನ್ನ ಕೈಬರಹ ಎಂದು ಹೇಳಬೇಕೆನ್ನಿಸಿತು. ಹಿಂದಿ ಬರಲಿಲ್ಲ.

ಊರಿಗೆ ಬಂದ ಮೇಲೆ ನಾಲ್ಕಾರು ಜನರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ. ವಿಮಾನ ನಿಲ್ದಾಣದಲ್ಲಿ ಕೇಳುವ ಪ್ರಶ್ನೆ ಒಂದಲ್ಲ, ಎರಡು. ಬಾಗಿಲಿನಲ್ಲಿ ಕೇಳುವುದು 'ನೀನು ಯಾರು' ಎಂದು. ಅದು ಭದ್ರತೆಯ ಪ್ರಶ್ನೆ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ 2017ರ ಅಕ್ಟೋಬರಿನಲ್ಲಿ ಬಾಗಿಲಲ್ಲಿ ತೋರಿಸಬಹುದಾದ ಹತ್ತು ಬಗೆಯ ಗುರುತಿನ ಚೀಟಿಗಳ ಪಟ್ಟಿ ಕೊಟ್ಟಿತು. ಪಾಸ್‌ಪೋರ್ಟ್, ಮತದಾರರ ಚೀಟಿ, ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಫೋಟೊ ಇರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್ ಎಲ್ಲ ಅದರಲ್ಲಿವೆ. ಸ್ವಂತ ಗುರುತಿನ ಚೀಟಿ ಇರುವ ತಂದೆತಾಯಿಯ ಜೊತೆ ಬರುವ ಮಕ್ಕಳಿಗೆ ಬೇರೆ ಚೀಟಿ ಬೇಡ ಎಂದೂ ಆಗಲೇ ಹೇಳಿದರು. ಬ್ರೌಸಿಂಗ್ ಅಂಗಡಿಯ ಹುಡುಗ ಹೇಳಿದ್ದು ಇದನ್ನೇ. ಕೌಂಟರಿನಲ್ಲಿ ಕೇಳುವುದು 'ನಿನಗೆಷ್ಟು ವಯಸ್ಸು' ಎಂದು. ಅದು ಟಿಕೆಟ್ಟಿನ ಪ್ರಶ್ನೆ. ಮೊದಲನೆಯದಕ್ಕೆ ವಿನಾಯಿತಿ ಇದೆ ಎಂದು ಎರಡನೆಯದಕ್ಕೂ ಇರುವುದಿಲ್ಲ.

ಈ ಎರಡನೇ ಪ್ರಶ್ನೆ ನಮಗೇನೂ ಹೊಸದಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಮಗನ ಮೊಣಕಾಲು ಬಗ್ಗಿಸಿ ನಿಲ್ಲಿಸಿದ ತಾಯಂದಿರನ್ನು ನಾನು ಎಷ್ಟೋ ನೋಡಿದ್ದೇನೆ. 'ವಯಸ್ಸು ಕೇಳಿದ್ರೆ ಐದು ಅನ್ನು' ಎಂದು ಹೇಳಿಕೊಟ್ಟು, ಆ ಮಗು ಕಂಡಕ್ಟರಿಗೆ 'ಅಮ್ಮ ಐದು ಅನ್ನು ಅಂದ್ಲು' ಎಂದು ಹೇಳಿಬಿಟ್ಟದ್ದನ್ನೂ ಕೇಳಿದ್ದೇನೆ. ಅಲ್ಲಿ ಜಗಳವಾಡಿ, ನಕ್ಕು, ಅರ್ಧ ಟಿಕೆಟ್ಟಿಗೆ ಇತ್ಯರ್ಥವಾಗುತ್ತದೆ. ವಿಮಾನದಲ್ಲಿ ಜಗಳಕ್ಕೆ ಸಮಯವಿಲ್ಲ. ಅದಕ್ಕೇ ಕಾಗದ ಬೇಕು.

ಯಾವ ಕಾಗದ? ಎಲ್ಲಕ್ಕಿಂತ ಗಟ್ಟಿ ಜನನ ಪ್ರಮಾಣಪತ್ರ. ತಾಯಿ ಕಾರ್ಡ್ ಅಥವಾ ಚುಚ್ಚುಮದ್ದಿನ ಕಾರ್ಡನ್ನೂ, ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವನ್ನೂ ಕೆಲವು ಕಂಪನಿಗಳು ಒಪ್ಪುತ್ತವೆ. ಮಗುವಿಗೆ ಪಾಸ್‌ಪೋರ್ಟ್ ಇದ್ದರೆ ಮಾತೇ ಇಲ್ಲ, ನಮ್ಮ ಕಡೆ ಯಾರ ಕೂಸಿಗೆ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಕೊಡುವ ನೀಲಿ ಬಣ್ಣದ ಬಾಲ ಆಧಾರ್ ಒಳ್ಳೆಯದೇ. ಬೆರಳಚ್ಚು, ಕಣ್ಣಿನ ಗುರುತು ತೆಗೆಯದೆ ಫೋಟೊ ಹಿಡಿದು, ತಾಯಿ ಅಥವಾ ತಂದೆಯ ಆಧಾರಿಗೆ ಜೋಡಿಸಿ ಮಾಡಿಕೊಡುತ್ತಾರೆ. ಆದರೆ ಈಚೆಗೆ ಬರುತ್ತಿರುವ ಆಧಾರ್ ಕಾರ್ಡುಗಳನ್ನು ಕನ್ನಡಕ ಹಾಕಿಕೊಂಡು ಓದಿ ನೋಡಿ. ಇದು ಗುರುತಿನ ಪುರಾವೆ, ಪೌರತ್ವದ್ದಾಗಲಿ ಹುಟ್ಟಿದ ದಿನದ್ದಾಗಲಿ ಪುರಾವೆಯಲ್ಲ ಎಂದು ಅದರ ಮೇಲೇ ಅಚ್ಚಾಗಿದೆ. ಅಂದರೆ ಆಧಾರ್ ಬಾಗಿಲಿನ ಪ್ರಶ್ನೆಗೆ ಉತ್ತರ. ಕೌಂಟರಿನವರು ಅದನ್ನೂ ಒಪ್ಪಿಬಿಡಬಹುದು, ಆದರೆ ಜನನ ಪ್ರಮಾಣಪತ್ರವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಈಗ ಹೆಸರಿನ ಮಾತು. ಇದರಲ್ಲಿ ತಪ್ಪು ನನ್ನದು, ನನ್ನಂಥವರದು.

ಮಗು ಹುಟ್ಟಿದ 21 ದಿನದೊಳಗೆ ನೋಂದಾಯಿಸಬೇಕು ಎಂದು ಕಾನೂನು. 1969ರಿಂದಲೂ ಇದೆ. ನಾವು ಅಂಗನವಾಡಿಯವರು, ಆಶಾದವರು, ನರ್ಸಮ್ಮನವರು ಎಲ್ಲ ಸೇರಿ ತಾಯಂದಿರ ಬೆನ್ನು ಹತ್ತಿ ಇದನ್ನು ಮಾಡಿಸಿದ್ದೇವೆ. ನಾನು ಸೇರಿದ ಹೊಸದರಲ್ಲಿ ಹುಟ್ಟಿದ ದಿನ ಕೇಳಿದರೆ 'ಸುಗ್ಗೀಲಿ', 'ಕೆರೆ ಕೋಡಿ ಬಿದ್ದ ವರ್ಷ' ಎನ್ನುತ್ತಿದ್ದರು; ಈಗ ಎಲ್ಲರ ಹತ್ತಿರವೂ ಕಾಗದ ಇದೆ. ಆದರೆ 21 ದಿನಕ್ಕೆ ನಮ್ಮ ಮನೆಗಳಲ್ಲಿ ಹೆಸರು ಎಲ್ಲಿ ಇಟ್ಟಿರುತ್ತಾರೆ? ಮೂರನೇ ತಿಂಗಳೋ ಐದನೇ ತಿಂಗಳೋ ತೊಟ್ಟಿಲ ಶಾಸ್ತ್ರ. ಅದಕ್ಕೆ ಮೊದಲು ಜೋಯಿಸರು ನಕ್ಷತ್ರ ನೋಡಿ ಅಕ್ಷರ ಹೇಳಬೇಕು. ಗಂಡನ ಕಡೆಯವರು ಮನೆದೇವರ ಹೆಸರು ಸೇರಿಸಬೇಕೆನ್ನುತ್ತಾರೆ, ಹುಡುಗಿಯ ತಂಗಿ ಮೊಬೈಲಿನಲ್ಲಿ ಹುಡುಕಿ ಯಾರೂ ಕೇಳದ ಹೆಸರು ತರುತ್ತಾಳೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಹೆಸರಿಲ್ಲದ ಪ್ರಮಾಣಪತ್ರ ಬಂದಾಗಿರುತ್ತದೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಟ್ಟರೆ ಮತ್ತೆ ಹೊರಬರುವುದು ಶಾಲೆಗೆ ಸೇರಿಸುವಾಗ.

ಹೆಸರು ಸೇರಿಸಲು ದಾರಿ ಅದೇ ಕಾನೂನಿನಲ್ಲಿದೆ. ನೋಂದಣಿಯಾದ 12 ತಿಂಗಳೊಳಗೆ ಹೋದರೆ ಶುಲ್ಕವಿಲ್ಲ. ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಎಲ್ಲಿ ನೋಂದಣಿಯಾಯಿತೋ ಅಲ್ಲಿಗೇ ಹೋಗಬೇಕು. ಸೇರಿಸಿದ ಮೇಲೆ ಹೆಸರಿರುವ ಹೊಸ ಪ್ರತಿ ತೆಗೆದುಕೊಳ್ಳಬೇಕು. ಇಷ್ಟು ಗೊತ್ತಿದ್ದೂ 31 ವರ್ಷದಲ್ಲಿ 'ಬರ್ತ್ ಸರ್ಟಿಫಿಕೇಟ್ ಮಾಡಿಸಿದ್ಯೇನಮ್ಮ' ಎಂದು ನೂರಾರು ತಾಯಂದಿರನ್ನು ಕೇಳಿದ ನಾನು 'ಅದರಲ್ಲಿ ಹೆಸರು ಸೇರಿಸಿದ್ಯಾ' ಎಂದು ಒಬ್ಬರನ್ನೂ ಕೇಳಲಿಲ್ಲ. ನಮ್ಮ ವರದಿಯ ಫಾರಂನಲ್ಲಿ ಆ ಕಾಲಂ ಇರಲಿಲ್ಲ, ಅಷ್ಟೇ ಕಾರಣ. ಸ್ವಂತ ಮಗಳನ್ನೂ ಕೇಳಲಿಲ್ಲ.

ಮೊದಲಾದರೆ ಹೇಗೋ ನಡೆಯುತ್ತಿತ್ತು. ಈಗ ಕಾನೂನಿಗೆ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನ ಮತ್ತು ಸ್ಥಳ ತೋರಿಸಲು ಜನನ ಪ್ರಮಾಣಪತ್ರವೇ ಆಧಾರ. ಶಾಲೆಗೆ, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ಕೆಲಸಕ್ಕೆ ಎಲ್ಲದಕ್ಕೂ ಅದೇ. ನನ್ನ ಮೊಮ್ಮಗ ಆ ದಿನದ ನಂತರ ಹುಟ್ಟಿದವನು. ಅವನ ಕೌಂಟರುಗಳು ಇನ್ನೂ ಬಹಳ ಇವೆ. ಹೆಸರಿಲ್ಲದ ಕಾಗದ ಎಷ್ಟು ಕಡೆ ನಡೆದೀತು?

ಹೆಸರು ಸೇರಿಸುವಾಗ ಇಂಗ್ಲಿಷ್ ಅಕ್ಷರಗಳನ್ನೂ ಒಂದೇ ರೀತಿ ಬರೆಸಿ. ನಮ್ಮ ಹುಡುಗನ ಹೆಸರಿಗೆ ತಾಯಿ ಕಾರ್ಡಿನಲ್ಲಿ ಒಂದು 'ಎ', ಟಿಕೆಟ್ಟಿನಲ್ಲಿ ಎರಡು. ಆ ಹೆಣ್ಣುಮಗಳು ಅದನ್ನು ಗಮನಿಸಲಿಲ್ಲವೋ, ಗಮನಿಸಿಯೂ ಸುಮ್ಮನಾದರೋ.

ವಿಮಾನ ಕಂಪನಿಗಳಿಗೆ ನಾನು ಕೇಳುವುದು ದೊಡ್ಡದೇನಲ್ಲ. ಮಡಿಲ ಮಗುವಿನ ಟಿಕೆಟ್ ಮಾಡುವಾಗಲೇ ಹುಟ್ಟಿದ ದಿನ ಕೇಳಿ ಬರೆಸಿಕೊಳ್ಳುತ್ತೀರಿ. ಅಂದರೆ ಕೂಸು ಬರುತ್ತಿದೆ ಎಂದು ನಿಮಗೆ ಮೊದಲೇ ಗೊತ್ತು. ಆಗಲೇ ಫೋನಿಗೆ ಒಂದು ಸಂದೇಶ ಕಳಿಸಿ: 'ನಿಮ್ಮ ಮಗುವಿನ ವಯಸ್ಸು ತೋರಿಸುವ ಈ ಕಾಗದಗಳಲ್ಲಿ ಒಂದನ್ನು ತನ್ನಿ' ಎಂದು, ಕಾಗದಗಳ ಹೆಸರು ಸಮೇತ, ಕನ್ನಡದಲ್ಲಿ. ನನಗೆ ಬಂದ ಸಂದೇಶಗಳಲ್ಲಿ ಊಟ ಬೇಕೇ, ಹೆಚ್ಚು ಲಗೇಜು ಬೇಕೇ, ಮುಂದಿನ ಸಾಲಿನ ಸೀಟು ಬೇಕೇ ಎಂದು ನಾಲ್ಕು ಸಲ ಇಂಗ್ಲಿಷಿನಲ್ಲಿ ಕೇಳಿದ್ದರು. ಮಗುವಿನ ಕಾಗದದ ಮಾತು ಇದ್ದದ್ದು ಟಿಕೆಟ್ಟಿನ ಮೂರನೇ ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಹುಡುಕಿ ಓದಿದ್ದು ಮನೆಗೆ ಬಂದ ಮೇಲೆ. ಒಂದು ಕಂಪನಿ ಒಪ್ಪುವ ಕಾಗದವನ್ನು ಇನ್ನೊಂದೂ ಒಪ್ಪುವಂತೆ ಎಲ್ಲರಿಗೂ ಒಂದೇ ಪಟ್ಟಿ ಮಾಡಿ, ಅದರಲ್ಲಿ ತಾಯಿ ಕಾರ್ಡಿನ ಹೆಸರನ್ನೂ ಸ್ಪಷ್ಟವಾಗಿ ಸೇರಿಸಿದರೆ ಹಳ್ಳಿಯವರಿಗೆ ಅರ್ಧ ತಲೆನೋವು ತಪ್ಪುತ್ತದೆ. ನಮ್ಮ ಕಡೆಯ ತಾಯಂದಿರು ಜೋಪಾನವಾಗಿ ಇಟ್ಟುಕೊಳ್ಳುವ ಕಾಗದ ಅದು.

ಭದ್ರತೆಯವರಿಗೂ ಒಂದು ಮಾತು. ತಂದೆತಾಯಿಯ ಜೊತೆ ಬರುವ ಮಗುವಿಗೆ ಚೀಟಿ ಬೇಡ, ಸರಿ. ಅಜ್ಜ-ಅಜ್ಜಿಯ ಜೊತೆ ಬಂದರೆ? ಬರುವಾಗ ನಮ್ಮನ್ನು ಬಾಗಿಲಿನವರು ಒಳ್ಳೆಯ ಮಾತಿನಲ್ಲೇ ಬಿಟ್ಟರು. ಆದರೆ ಅದು ಅವರ ಒಳ್ಳೆಯತನವೋ ನಿಯಮವೋ ನಮಗೆ ತಿಳಿಯದು. ಕೆಲಸಕ್ಕೆ ಹೋಗುವ ಮಕ್ಕಳ ಕೂಸುಗಳನ್ನು ಊರಿಗೆ ಕರೆತರುವುದೂ ಬಿಡುವುದೂ ಈಗ ನಮ್ಮಂಥವರೇ. ನಮ್ಮನ್ನು ಪೋಷಕರೆಂದು ಎಣಿಸುತ್ತಾರೆ ಎಂಬ ಒಂದು ವಾಕ್ಯ ಬಾಗಿಲ ಬೋರ್ಡಿನಲ್ಲಿ ಕನ್ನಡದಲ್ಲಿದ್ದರೆ ಸಾಕು. ಅಲ್ಲಿಯವರೆಗೆ, ನನ್ನ ಹಾಗೆ ಹೋಗುವವರು ಮಗುವಿನ ತಾಯಿಯ ಆಧಾರಿನ ಜೆರಾಕ್ಸನ್ನೂ, 'ಮಗುವನ್ನು ನನ್ನ ಅಮ್ಮನ ಜೊತೆ ಕಳಿಸುತ್ತಿದ್ದೇನೆ' ಎಂದು ಸಹಿ ಹಾಕಿದ ಚೀಟಿಯನ್ನೂ ಇಟ್ಟುಕೊಳ್ಳಿ. ನಿಯಮದಲ್ಲಿ ಇದೆಯೆಂದು ಹೇಳುತ್ತಿಲ್ಲ, ಧೈರ್ಯಕ್ಕೆ. ಕಾಗದಗಳೆಲ್ಲ ಸೊಂಟಕ್ಕೆ ಕಟ್ಟುವ ಚೀಲದಲ್ಲಿರಲಿ. ಲಗೇಜಿನಲ್ಲಿಟ್ಟರೆ ಅವು ಬೆಲ್ಟಿನ ಮೇಲೆ ನಮಗಿಂತ ಮೊದಲೇ ಹೋಗಿಬಿಡುತ್ತವೆ.

ಹೋಗಿಬರುವ ಟಿಕೆಟ್ ಒಟ್ಟಿಗೆ ಮಾಡಿಸುವವರು ಇನ್ನೊಂದು ಲೆಕ್ಕ ಹಾಕಿಕೊಳ್ಳಿ. ಹೋಗುವಾಗ 23 ತಿಂಗಳಿದ್ದ ಮಗು ಬರುವಷ್ಟರಲ್ಲಿ ಎರಡು ವರ್ಷ ತುಂಬಿಸಿಕೊಂಡರೆ ಬರುವ ಟಿಕೆಟ್ಟಿಗೆ ಅದಕ್ಕೆ ಬೇರೆ ಸೀಟು ಕೊಳ್ಳಬೇಕು.

ಮೊನ್ನೆ ಸೋಮವಾರ ಮೊಮ್ಮಗನನ್ನು ಎತ್ತಿಕೊಂಡು ಅವನು ಹುಟ್ಟಿದ ಆಸ್ಪತ್ರೆಗೆ ಹೋಗಿ ಹೆಸರು ಸೇರಿಸುವ ವಿಷಯ ವಿಚಾರಿಸಿ ಬಂದೆ. ಹೆತ್ತವರ ಸಹಿ ಬೇಕೆಂದರು. ಮಗಳು ಯುಗಾದಿಗೆ ಬರುತ್ತಾಳೆ, ಆಗ ಮಾಡಿಸುತ್ತೇವೆ. ಬರುವಾಗ ಪಕ್ಕದ ಬೀದಿಯ ಮೂರು ಮನೆಗಳಲ್ಲಿ ಪ್ರಮಾಣಪತ್ರ ತೆಗೆಸಿ ನೋಡಿದೆ. ಎರಡರಲ್ಲಿ ಮಗುವಿನ ಹೆಸರಿಲ್ಲ. ಒಂದು ಮಗುವಿಗೆ ಹನ್ನೊಂದು ತಿಂಗಳು, ಇನ್ನೂ ಶುಲ್ಕವಿಲ್ಲದ ಗಡುವಿನೊಳಗಿದೆ. ಅದರ ತಾಯಿಯನ್ನು ನಾಳೆಯೇ ಹೊರಡಿಸುತ್ತೇನೆ. ಬೇಸಿಗೆ ರಜೆಗೆ ಜನ ಟಿಕೆಟ್ ಮಾಡಿಸುವ ಮುಂಚೆ ಈ ಪತ್ರವನ್ನು ಜಿಲ್ಲೆಯ ಪುಟದಲ್ಲಿ ಹಾಕಿದರೆ ಉಪಕಾರವಾಗುತ್ತದೆ. ಜಾಗ ಸಾಲದಿದ್ದರೆ ನಮ್ಮ ಯಜಮಾನರ ಹಲ್ಲಿನ ಮಾತನ್ನು ತೆಗೆದುಬಿಡಿ, ಕಾಗದಗಳ ವಿಷಯ ಮಾತ್ರ ಉಳಿಸಿ.

ಇಂತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ